ಕೇಳಿದ್ದಕ್ಕೆ ಹೇಳಿದ್ದು: ಬಾಂಬರ್ ವಿಮಾನದಿಂದ ಟೀವಿ ಮೇಜಿಗೆ

ಕಳೆದ ಸಂಚಿಕೆಯಲ್ಲಿ ಒಬ್ಬರು ಟೀವಿಯವರ ಕಿರುಚಾಟದ ಬಗ್ಗೆ ಕೇಳಿದ್ರು, ಅದಕ್ಕೆ ಉತ್ತರ ಬರೀತಾ ಅಮೆರಿಕದಲ್ಲಿ ಹಿಂದೆ ಟೀವಿ ವಾರ್ತೆ ನಡೆಸಿಕೊಡ್ತಿದ್ದ ವಾಲ್ಟರ್ ಕ್ರಾಂಕೈಟ್ ಅಂತ ಒಂದು ಹೆಸರು ಒಂದೇ ಸಾಲಲ್ಲಿ ಹೇಳಿ ಬಿಟ್ಟಿದ್ದೆ. ಅದು ಇಷ್ಟು ಪ್ರಶ್ನೆ ತರ್ತದೆ ಅಂತ ಎಣಿಸಿರ್ಲಿಲ್ಲ ಮಾರಾಯ್ರೆ, ಮಂಜೇಶ್ವರದಿಂದ ಹಿಡಿದು ಹೊಸದುರ್ಗದವರೆಗೆ ಎಲ್ಲರಿಗೂ ಅವರದ್ದೇ ಕಥೆ ಬೇಕಂತೆ. ಹಾಗಾಗಿ ಅಡಿಕೆ ರೋಗ, ರೇಷನ್ ಕಾರ್ಡು, ಪಿಂಚಣಿ ಎಲ್ಲ ಮುಂದಿನ ಸಲಕ್ಕೆ. ಈ ಸಲ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಈ ಕ್ರಾಂಕೈಟ್ ಯುದ್ಧ ವರದಿಗಾರ ಅಂತ ಬರೆದಿದ್ರಿ. ನಿಜಕ್ಕೂ ಯುದ್ಧಕ್ಕೆ ಹೋದವರಾ, ಅಲ್ಲ ಹೋಟೆಲಲ್ಲಿ ಕೂತು ಮಿಲಿಟರಿಯವರು ಕೊಟ್ಟ ಚೀಟಿ ನೋಡಿ ಬರೆದವರಾ? (ಓದುಗರು, ಕುಂಬಳೆ)

ಉತ್ತರ: ಚೀಟಿ ನೋಡಿ ಬರೆದದ್ದೂ ಉಂಟು, ಹೋದದ್ದೂ ಉಂಟು. ಹುಟ್ಟಿದ್ದು 1916ರಲ್ಲಿ ಮಿಸೂರಿಯಲ್ಲಿ, ಟೆಕ್ಸಾಸಿನಲ್ಲಿ ಕಾಲೇಜು ಅರ್ಧಕ್ಕೆ ಬಿಟ್ಟು ಪೇಪರು ರೇಡಿಯೋ ಅಂತ ಸುತ್ತಿ 1937ರಲ್ಲಿ ಯುನೈಟೆಡ್ ಪ್ರೆಸ್ ಸೇರಿದ್ರು. ಅದು ನಮ್ಮ ಪಿಟಿಐ ಥರದ್ದು, ಊರೂರಿನ ಪೇಪರುಗಳಿಗೆ ಸುದ್ದಿ ಕಳಿಸುವ ಸಂಸ್ಥೆ. ಅಲ್ಲಿ ನಿಮಿಷ ನಿಮಿಷಕ್ಕೂ ಡೆಡ್‌ಲೈನು, ಎದುರಾಳಿ ಸಂಸ್ಥೆ ನಮಗಿಂತ ಮೊದಲು ಸುದ್ದಿ ಕೊಟ್ರೆ ಬೈಗಳು, ಮೊದಲು ಕೊಡುವ ಗಡಿಬಿಡಿಯಲ್ಲಿ ತಪ್ಪಿದ್ರೆ ಇನ್ನೂ ದೊಡ್ಡ ಬೈಗಳು. ಈ ಎರಡು ಬೈಗಳ ಮಧ್ಯೆ ತಯಾರಾದ ಮನುಷ್ಯ ಅವರು, ಮುಂದೆ ಟೀವಿಯಲ್ಲಿ ಅವರು ಮಾಡಿದ್ದೆಲ್ಲ ಅಲ್ಲಿಂದಲೇ ಬಂದದ್ದು ಅಂತ ನನ್ನ ಲೆಕ್ಕ.

1942ರ ನವೆಂಬರಿನಲ್ಲಿ ಮಿತ್ರಪಡೆಗಳು ಉತ್ತರ ಆಫ್ರಿಕಾದಲ್ಲಿ ಇಳಿದಾಗ ಇವರು ‘ಟೆಕ್ಸಾಸ್’ ಅನ್ನುವ ಯುದ್ಧನೌಕೆಯಲ್ಲಿದ್ರು. ವಾಪಸ್ಸು ಬರುವಾಗ ಇನ್ನೊಂದು ಹಡಗಲ್ಲಿ ಎದುರಾಳಿ ಸಂಸ್ಥೆಯ ವರದಿಗಾರ ತನಗಿಂತ ಮೊದಲು ಅಮೆರಿಕ ಮುಟ್ತಾನೆ ಅಂತ ಗೊತ್ತಾಯ್ತು. ಕ್ಯಾಪ್ಟನ್ನನ್ನು ಒಪ್ಪಿಸಿ ಹಡಗಿನ ಮೇಲಿದ್ದ ಸಣ್ಣ ಸಮುದ್ರ ವಿಮಾನ ಹತ್ತಿ ನಡುನೀರಿಂದಲೇ ಹಾರಿ ಬಂದು ಸುದ್ದಿ ಮೊದಲು ಕೊಟ್ರು. ನಾನು ಒಂದು ಕಾಲದಲ್ಲಿ ಸುದ್ದಿ ಕವರನ್ನು ಮಂಗಳೂರು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು, ತಲಪಾಡಿಯಲ್ಲಿ ಬಸ್ಸು ನಿಂತ್ರೆ ಎಂತ ಗತಿ ಅಂತ ಬೆವರಿದವ, ಹಾಗಾಗಿ ಈ ವಿಮಾನದ ಕಥೆ ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಆಮೇಲೆ ಇಂಗ್ಲೆಂಡಿಗೆ. ಅಲ್ಲಿ ಬಾಂಬರ್ ವಿಮಾನದಲ್ಲಿ ಜರ್ಮನಿ ಮೇಲೆ ಹೋಗ್ಲಿಕ್ಕೆ ಏಳೆಂಟು ಪತ್ರಕರ್ತರಿಗೆ ಟ್ರೈನಿಂಗ್ ಕೊಟ್ರು, ‘ರೈಟಿಂಗ್ 69ತ್’ ಅಂತ ಆ ಗುಂಪಿಗೆ ತಮಾಷೆಯ ಹೆಸರು. 1943ರ ಫೆಬ್ರವರಿ 26ಕ್ಕೆ ಹೊರಟ್ರು. ಗುರಿ ಇದ್ದದ್ದು ಬ್ರೆಮೆನ್, ಅಲ್ಲಿ ಮೋಡ ಮುಚ್ಚಿತ್ತು ಅಂತ ವಿಲ್ಹೆಲ್ಮ್ಸ್‌ಹಾವನ್ ಬಂದರಿನ ಮೇಲೆ ಬಾಂಬು ಹಾಕಿದ್ರು. ಕ್ರಾಂಕೈಟ್ ಇದ್ದದ್ದು ಬಿ-17 ವಿಮಾನದಲ್ಲಿ. ಪತ್ರಕರ್ತ ಆಯುಧ ಮುಟ್ಟಬಾರದು ಅಂತ ನಿಯಮ, ಆದ್ರೆ ಆ ವಿಮಾನದಲ್ಲಿ ಸುಮ್ಮನೆ ಕೂತು ಬರುವವರಿಗೆ ಜಾಗ ಎಲ್ಲಿ, ಇವರಿಗೂ ಮಷಿನ್ ಗನ್ ಕಲಿಸಿದ್ರು, ಜರ್ಮನ್ ವಿಮಾನ ಹತ್ತಿರ ಬಂದಾಗ ಇವರೂ ಗುಂಡು ಹಾರಿಸಿದ್ರು. ಅದೇ ದಿವಸ ಇನ್ನೊಂದು ವಿಮಾನದಲ್ಲಿ ಹೋಗಿದ್ದ ನ್ಯೂಯಾರ್ಕ್ ಟೈಮ್ಸ್‌ನ ರಾಬರ್ಟ್ ಪೋಸ್ಟ್ ವಾಪಸ್ ಬರ್ಲಿಲ್ಲ. ಆ ಗುಂಪಿನ ಹಾರಾಟ ಹೆಚ್ಚುಕಮ್ಮಿ ಅಲ್ಲಿಗೇ ನಿಂತಿತು. ಇವರು ಇಳಿದು ಬಂದು ಬರೆದ ವರದಿಯಲ್ಲಿ ತಾನು 26,000 ಅಡಿ ಮೇಲಿನ ಒಂದು ನರಕಕ್ಕೆ ಹೋಗಿ ಬಂದೆ ಅಂತ ಉಂಟು.

ಇದು ಓದಿ ಇವರನ್ನು ಮಹಾಶೂರ ಅಂತ ಮಾಡ್ಬೇಡಿ, ಅವರೇ ಹಾಗೆ ಹೇಳಿಕೊಂಡವರಲ್ಲ. 1944ರ ಜೂನ್ 6ರ ನಾರ್ಮಂಡಿ ದಾಳಿಯ ದಿನ ಎಲ್ಲರೂ ಸಮುದ್ರ ತೀರ ನೋಡುವಾಗ ಇವರು ಇನ್ನೊಂದು ಬಾಂಬರ್‌ನಲ್ಲಿ ಮೋಡದ ಮೇಲೆ, ಕೆಳಗೆ ಎಂತದೂ ಕಾಣದೆ ಬಾಂಬುಗಳ ಸಮೇತ ವಾಪಸ್ಸು. ಅದೇ ವರ್ಷ ಸೆಪ್ಟೆಂಬರಿನಲ್ಲಿ 101ನೇ ಏರ್‌ಬೋರ್ನ್ ಅನ್ನುವ ಅಮೆರಿಕದ ವಾಯುದಾಳಿ ಪಡೆ ಜೊತೆ ಇಂಜಿನ್ನೇ ಇಲ್ಲದ ಗ್ಲೈಡರಿನಲ್ಲಿ ಹಾಲೆಂಡಿಗೆ ಇಳಿದ್ರು. ನೆಲಕ್ಕೆ ಬಡಿದ ಹೊಡೆತಕ್ಕೆ ಎಲ್ಲರ ಹೆಲ್ಮೆಟ್ಟೂ ಹಾರಿ ಹೋಯ್ತು, ಇವರು ಕೈಗೆ ಸಿಕ್ಕಿದ್ದನ್ನು ತಲೆಗೆ ಹಾಕಿ ತೆವಳ್ತಾ ಹೊರಟ್ರು. ಹಿಂದೆ ತಿರುಗಿ ನೋಡಿದ್ರೆ ಐದಾರು ಸೈನಿಕರು ಇವರ ಹಿಂದೆಯೇ ತೆವಳ್ತಾ ಬರ್ತಿದ್ದಾರೆ! ಹಾಕಿಕೊಂಡದ್ದು ಯಾರೋ ಲೆಫ್ಟಿನೆಂಟನ ಹೆಲ್ಮೆಟ್ಟು, ಹಿಂದುಗಡೆ ಅಧಿಕಾರಿಯ ಪಟ್ಟಿ ಬರೆದದ್ದು. ಈ ಕಥೆ ಅವರೇ ಎಷ್ಟೋ ಸಲ ನಗ್ತಾ ಹೇಳಿದ್ದು.

ಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲಿನ ನ್ಯೂರೆಂಬರ್ಗ್ ವಿಚಾರಣೆ ವರದಿ ಮಾಡಿದ್ರು, 1946ರಿಂದ 48ರ ವರೆಗೆ ಮಾಸ್ಕೋದಲ್ಲಿ ಇದ್ರು.

ಪ್ರಶ್ನೆ: ಎಡ್ವರ್ಡ್ ಮರ್ರೋ ಕರೆದ್ರೂ ಇವರು ಹೋಗ್ಲಿಲ್ಲ ಅಂತ ಕೇಳಿದ್ದೇನೆ, ಯಾಕೆ? (ನಿವೃತ್ತ ಮಾಸ್ತರರು, ಬದಿಯಡ್ಕ)

ಉತ್ತರ: ಮಾಸ್ತರೇ, ಮೊದಲು ಮರ್ರೋ ಯಾರು ಅಂತ ಉಳಿದವರಿಗೆ ಹೇಳ್ಬೇಕು. ಅವರು ಅಮೆರಿಕದ ಸಿಬಿಎಸ್ ಅನ್ನುವ ಪ್ರಸಾರ ಕಂಪೆನಿಯ ರೇಡಿಯೋದವರು. 1940ರಲ್ಲಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ರಾತ್ರಿ ರಾತ್ರಿ ಬಾಂಬು ಹಾಕುವಾಗ ಕಟ್ಟಡದ ಮಾಡು ಹತ್ತಿ ನಿಂತು ಮೈಕಲ್ಲಿ ಮಾತಾಡಿದವರು, ಅಮೆರಿಕದವರು ಮನೆಯಲ್ಲಿ ಕೂತು ಆ ಸೈರನ್ ಕೇಳಿದ್ದು ಅವರಿಂದ. ಎರಿಕ್ ಸೆವರೈಡ್, ಚಾರ್ಲ್ಸ್ ಕಾಲಿಂಗ್‌ವುಡ್, ಹೊವಾರ್ಡ್ ಕೆ. ಸ್ಮಿತ್ ಇವರನ್ನೆಲ್ಲ ಕಟ್ಟಿಕೊಂಡು ಒಂದು ತಂಡ ಮಾಡಿದ್ರು, ಮುಂದೆ ಅವರೆಲ್ಲ ಟೀವಿಯಲ್ಲೂ ದೊಡ್ಡ ಹೆಸರಾದ್ರು. 1960ರ ಕೆನಡಿ-ನಿಕ್ಸನ್ ಮೊದಲ ಟೀವಿ ಚರ್ಚೆ ನಡೆಸಿಕೊಟ್ಟದ್ದು ಇದೇ ಸ್ಮಿತ್.

1943ರಲ್ಲಿ ಮರ್ರೋ ಕ್ರಾಂಕೈಟನ್ನು ಕರೆದದ್ದು ಹೌದು, ಮಾಸ್ಕೋಗೆ ಕಳಿಸ್ತೇನೆ, ವಾರಕ್ಕೆ 125 ಡಾಲರ್ ಅಂತ. ಇವರಿಗೆ ಯುನೈಟೆಡ್ ಪ್ರೆಸ್‌ನಲ್ಲಿ ಸಿಗ್ತಿದ್ದದ್ದು ಹೆಚ್ಚುಕಮ್ಮಿ ಅದರ ಅರ್ಧ. ಇವರು ಮೊದಲು ಹೂಂ ಅಂದ್ರು. ಸಂಬಳ ಏರಿಸದೇ ಇರುವುದಕ್ಕೆ ಹೆಸರು ಹೋದ ಯುನೈಟೆಡ್ ಪ್ರೆಸ್ ಗಾಬರಿಯಾಗಿ ಸಂಬಳ ಏರಿಸಿತು, ಅದೂ 125ರಷ್ಟಲ್ಲ, ಆದ್ರೂ ಇವರು ಅಲ್ಲೇ ಉಳಿದ್ರು. ಮರ್ರೋಗೆ ಸಿಟ್ಟು ಬಂತು, ತುಂಬ ವರ್ಷ ಇಬ್ಬರ ನಡುವೆ ಸರಿ ಇರ್ಲಿಲ್ಲ. ಕಾರಣ ಎಂತ ಅಂದ್ರೆ ಕ್ರಾಂಕೈಟಿಗೆ ತಂತಿ ಸುದ್ದಿಯ, ಅಂದ್ರೆ ಸುದ್ದಿ ಸಂಸ್ಥೆಯ ಓಟದ ಮೇಲೆ ಪ್ರೀತಿ, ರೇಡಿಯೋ ಮಾತುಗಾರಿಕೆ ಮೇಲೆ ಸಣ್ಣ ಗುಮಾನಿ. ನನಗೆ ಕಾಣುವುದು, ಮರ್ರೋ ಹುಟ್ಟಾ ಮಾತುಗಾರ, ಇವರು ಹುಟ್ಟಾ ಗುಮಾಸ್ತ. ಗುಮಾಸ್ತ ಅಂತ ನಾನು ಹೇಳುವುದು ಗೌರವದಲ್ಲೇ, ಲೆಕ್ಕ ತಾಳೆ ಆಗದೆ ಪುಸ್ತಕ ಮುಚ್ಚದ ಜಾತಿ.

ಪ್ರಶ್ನೆ: ಹಾಗಾದ್ರೆ ಟೀವಿಗೆ ಹೇಗೆ ಬಂದ್ರು? ಬಂದ ಕೂಡಲೇ ಹಿಟ್ಟಾ? (ಗೃಹಿಣಿ, ನೀರ್ಚಾಲು)

ಉತ್ತರ: ಇಲ್ಲ ಅಕ್ಕ, ಎಂತ ಹಿಟ್ಟು. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಸಿಬಿಎಸ್ ಸೇರಿದ್ರು, ಅವರ ಮನಸ್ಸಿದ್ದದ್ದು ಕೊರಿಯಾಕ್ಕೆ ಹೋಗುವುದರಲ್ಲಿ. ಕಂಪೆನಿಯವರು ವಾಷಿಂಗ್ಟನ್ನಿನ ಅವರ ಟೀವಿ ಸ್ಟೇಷನ್ನಿಗೆ ದಿನಾ ಯುದ್ಧದ ಸುದ್ದಿ ವಿವರಿಸ್ಲಿಕ್ಕೆ ಹಾಕಿದ್ರು. ಇವರು ಬರೆದು ಓದ್ಲಿಲ್ಲ. ಕೊರಿಯಾದ ನಕ್ಷೆ ಎದುರು ನಿಂತು, ಶಾಲೆಯಲ್ಲಿ ಭೂಗೋಳ ಪಾಠ ಮಾಡುವ ಹಾಗೆ, ಇಲ್ಲಿಂದ ಇವರು ಬಂದ್ರು ಅಲ್ಲಿ ಅವರು ಹಿಂದೆ ಸರಿದ್ರು ಅಂತ ಗೆರೆ ತೋರಿಸಿ ಬಾಯಿಮಾತಲ್ಲೇ ಹೇಳಿದ್ರು. ದಂಡು ಹೇಗೆ ಸಾಗ್ತದೆ, ಅದಕ್ಕೆ ಪೆಟ್ರೋಲು ಎಲ್ಲಿಂದ ಬರ್ತದೆ ಅಂತ ಯುರೋಪಿನಲ್ಲಿ ಕಣ್ಣಾರೆ ನೋಡಿದವರಿಗೆ ಅದು ಕಷ್ಟ ಅಲ್ಲ. ಜನರಿಗೆ ಹಿಡಿಸಿತು.

1952ರಲ್ಲಿ ಅಧ್ಯಕ್ಷ ಅಭ್ಯರ್ಥಿ ಆರಿಸುವ ಪಕ್ಷಗಳ ಅಧಿವೇಶನದಲ್ಲಿ ಗಂಟೆಗಟ್ಟಲೆ ಕೂತು ನಡೆಸಿಕೊಟ್ಟದ್ದರಿಂದ ದೇಶಕ್ಕೆಲ್ಲ ಮುಖ ಪರಿಚಯ ಆಯ್ತು. ಆದ್ರೆ ಟೀವಿ ಅಂದ್ರೆ ಟೀವಿಯೇ, 1954ರಲ್ಲಿ ಇವರನ್ನು ಬೆಳಗ್ಗಿನ ಕಾರ್ಯಕ್ರಮಕ್ಕೆ ಹಾಕಿದ್ರು, ಅಲ್ಲಿ ಜೊತೆಗಾರ ಯಾರು ಗೊತ್ತುಂಟಾ, ಶಾರ್ಲಮೇನ್ ಅಂತ ಹೆಸರಿನ ಒಂದು ಸಿಂಹದ ಗೊಂಬೆ! ನ್ಯೂರೆಂಬರ್ಗಿನಲ್ಲಿ ಹಿಟ್ಲರನ ಬಲಗೈ ಗೋರಿಂಗನ ವಿಚಾರಣೆ ವರದಿ ಮಾಡಿದ ಮನುಷ್ಯ ಬೆಳಿಗ್ಗೆ ಬೆಳಿಗ್ಗೆ ಗೊಂಬೆ ಸಿಂಹದ ಹತ್ರ ದಿನದ ಸುದ್ದಿ ಮಾತಾಡುವುದು. ತಮಾಷೆ ಎಂತ ಅಂದ್ರೆ ಇವರಿಗೆ ಅದರಲ್ಲಿ ನಾಚಿಕೆ ಆದ ಹಾಗೆ ಕಾಣುವುದಿಲ್ಲ, ಮನುಷ್ಯರು ಹೇಳ್ಲಿಕ್ಕೆ ಹೆದರುವುದನ್ನು ಗೊಂಬೆ ಹೇಳ್ಬಹುದು ಅಂತ ಆಮೇಲೂ ಅದರ ಪರವಾಗಿಯೇ ಮಾತಾಡಿದ್ದಾರೆ.

1962ರ ಏಪ್ರಿಲ್ 16ಕ್ಕೆ ಸಿಬಿಎಸ್‌ನ ಸಂಜೆ ವಾರ್ತೆಯ ಕುರ್ಚಿ ಸಿಕ್ಕಿತು. ಆಗ ಅದು ಬರೀ 15 ನಿಮಿಷ. 1963ರ ಸೆಪ್ಟೆಂಬರ್ 2ರಿಂದ ಅರ್ಧ ಗಂಟೆ ಆಯ್ತು. ಆಗಲೂ ಎದುರಿನ ಎನ್‌ಬಿಸಿಯ ಹಂಟ್ಲಿ-ಬ್ರಿಂಕ್ಲಿ ಜೋಡಿಯೇ ರೇಟಿಂಗಲ್ಲಿ ಮುಂದೆ, 1964ರ ಒಂದು ಅಧಿವೇಶನಕ್ಕೆ ಕಂಪೆನಿ ಇವರನ್ನು ತೆಗೆದು ಬೇರೆ ಇಬ್ಬರನ್ನು ಕೂರಿಸಿತು. ಈಗಿನವರು ಇವರನ್ನು ದೇವರ ಹಾಗೆ ಹೇಳುವಾಗ ಇದೆಲ್ಲ ಮರೀತಾರೆ.

ಪ್ರಶ್ನೆ: ಕೆನಡಿ ಸತ್ತ ಸುದ್ದಿ ಓದುವಾಗ ಕನ್ನಡಕ ತೆಗೆದ ವೀಡಿಯೋ ವಾಟ್ಸಾಪಲ್ಲಿ ಬಂತು. ಅದು ಆಕ್ಟಿಂಗಾ? (ಬಿ.ಎ. ವಿದ್ಯಾರ್ಥಿ, ಕಾಸರಗೋಡು)

ಉತ್ತರ: ಆಕ್ಟಿಂಗ್ ಅಲ್ಲ. ಆದ್ರೆ ಆ ವೀಡಿಯೋದಲ್ಲಿ ನೋಡ್ಬೇಕಾದ್ದು ಕನ್ನಡಕ ಅಲ್ಲ, ಅದಕ್ಕಿಂತ ಮೊದಲಿನ ಒಂದು ಗಂಟೆ. 1963ರ ನವೆಂಬರ್ 22, ಶುಕ್ರವಾರ. ಡಲ್ಲಾಸಿನಲ್ಲಿ ಅಧ್ಯಕ್ಷರ ಕಾರಿನ ಹಿಂದೆ ಪತ್ರಕರ್ತರ ಕಾರು, ಅದರಲ್ಲಿ ಇದ್ದದ್ದು ಒಂದೇ ರೇಡಿಯೋ ಟೆಲಿಫೋನು. ಗುಂಡಿನ ಸದ್ದು ಕೇಳಿದ ಕೂಡಲೇ ಯುನೈಟೆಡ್ ಪ್ರೆಸ್ಸಿನ (ಅಷ್ಟೊತ್ತಿಗೆ ಅದರ ಹೆಸರು ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್) ಮೆರಿಮನ್ ಸ್ಮಿತ್ ಅದನ್ನು ಹಿಡಿದುಕೊಂಡ್ರು, ಹಿಂದಿನ ಸೀಟಲ್ಲಿದ್ದ ಎದುರಾಳಿ ಸುದ್ದಿ ಸಂಸ್ಥೆ ಎಪಿಯವರು ಬೆನ್ನಿಗೆ ಗುದ್ದಿದ್ರೂ ಬಿಡ್ಲಿಲ್ಲ. ಆ ಸುದ್ದಿ ನ್ಯೂಯಾರ್ಕಿಗೆ ಮುಟ್ಟಿದಾಗ ಸಿಬಿಎಸ್‌ನಲ್ಲಿ ಮಧ್ಯಾಹ್ನದ ಧಾರಾವಾಹಿ ನಡೀತಿತ್ತು. ಆ ಕಾಲದ ಟೀವಿ ಕ್ಯಾಮರಾ ಬಿಸಿಯಾಗ್ಲಿಕ್ಕೇ ಸುಮಾರು ಹೊತ್ತು ಬೇಕು, ಹಾಗಾಗಿ ಮೊದಲಿಗೆ ಬರೀ ಒಂದು ಸ್ಲೈಡ್ ಇಟ್ಟು ಹಿಂದಿನಿಂದ ಕ್ರಾಂಕೈಟ್ ಸ್ವರ ಮಾತ್ರ. ಮುಖ ಕಂಡದ್ದು 2 ಗಂಟೆಗೆ.

ಅಲ್ಲಿಂದ ಮುಂದೆ ನೋಡಿ. ಆಸ್ಪತ್ರೆಯಲ್ಲಿದ್ದ ಪಾದ್ರಿಗಳು ಕೆನಡಿ ತೀರಿಕೊಂಡ್ರು ಅಂತ ಹೇಳಿದ್ರಂತೆ, ತಮ್ಮದೇ ವರದಿಗಾರ ಡ್ಯಾನ್ ರಾದರ್ ಡಲ್ಲಾಸಿನಿಂದ ಸತ್ತಿದ್ದಾರೆ ಅಂತ ಹೇಳ್ತಿದ್ದಾರೆ, ಸಿಬಿಎಸ್‌ನದ್ದೇ ರೇಡಿಯೋ ಆಗಲೇ ಘೋಷಣೆ ಮಾಡಿ ಆಗಿದೆ. ಕ್ರಾಂಕೈಟ್ ಇದನ್ನೆಲ್ಲ ಮುಚ್ಚಿಡ್ಲಿಲ್ಲ, ಯಾರು ಹೇಳಿದ್ದು ಅಂತ ಸೇರಿಸಿ ಹೇಳಿದ್ರು, ಆದ್ರೆ ಪ್ರತಿ ಸಲವೂ ಇದು ಅಧಿಕೃತ ಅಲ್ಲ ಅಂತಲೂ ಹೇಳಿದ್ರು. 2 ಗಂಟೆ 38 ನಿಮಿಷಕ್ಕೆ ಅಧಿಕೃತ ಸುದ್ದಿಯ ಚೀಟಿ ಕೈಗೆ ಬಂತು. ಕನ್ನಡಕ ಹಾಕಿ ಓದಿದ್ರು, ತೆಗೆದ್ರು, ಗೋಡೆ ಗಡಿಯಾರ ನೋಡಿ ಅಲ್ಲಿಯ ಟೈಮು ಇಷ್ಟು ಇಲ್ಲಿಯ ಟೈಮು ಇಷ್ಟು, ತೀರಿಕೊಂಡು ಸುಮಾರು 38 ನಿಮಿಷ ಆಯ್ತು ಅಂತ ಲೆಕ್ಕ ಹೇಳಿದ್ರು. ಗಂಟಲು ಕಟ್ಟಿತು, ಎರಡು ಸೆಕೆಂಡು, ಮತ್ತೆ ಉಪಾಧ್ಯಕ್ಷ ಜಾನ್ಸನ್ ಎಲ್ಲಿದ್ದಾರೆ ಅನ್ನುವ ಸುದ್ದಿಗೆ ಹೋದ್ರು. ಸಾವಿನ ಮನೆಯಲ್ಲಿ ನಿಂತು ಎರಡು ಟೈಮ್ ಝೋನಿನ ಲೆಕ್ಕ ಹಾಕುವುದು ಉಂಟಲ್ಲ, ಅದು ಆಕ್ಟರಿಗೆ ಬರುವುದಿಲ್ಲ, ತಂತಿ ಸುದ್ದಿಯವನಿಗೆ ಮಾತ್ರ ಬರ್ತದೆ.

ಅವತ್ತು ಸ್ಟುಡಿಯೋದಿಂದ ಎದ್ದು ಬಂದಾಗ ಪಕ್ಕದ ಟೇಬಲಲ್ಲಿ ಫೋನು ರಿಂಗಾಗ್ತಿತ್ತಂತೆ. ಎತ್ತಿದ್ರೆ ಒಬ್ಬಳು ಹೆಂಗಸು, ಕೆನಡಿಯನ್ನು ಕಂಡ್ರೆ ಆಗದ ಆ ಕ್ರಾಂಕೈಟ್ ಅಳುವ ನಾಟಕ ಮಾಡುವುದು ಎಂತಕ್ಕೆ ಅಂತ ಜೋರು. ಇವರು ‘ನೀವು ಮಾತಾಡ್ತಿರುವುದು ಕ್ರಾಂಕೈಟ್ ಹತ್ರವೇ’ ಅಂತ ಹೇಳಿ, ಆಕೆಗೆ ಮೂರ್ಖಳು ಅಂತ ಒಂದು ಬೈದು ಫೋನ್ ಇಟ್ರಂತೆ. ಅವರೇ ಹೇಳಿದ ಕಥೆ.

ಪ್ರಶ್ನೆ: ವಿಯೆಟ್ನಾಂ ಯುದ್ಧ ನಿಲ್ಲಿಸಿದ್ದೇ ಇವರ ಒಂದು ಟೀವಿ ಕಾರ್ಯಕ್ರಮ, ಅಧ್ಯಕ್ಷ ಜಾನ್ಸನ್ ಟೀವಿ ಆಫ್ ಮಾಡಿ ‘ಕ್ರಾಂಕೈಟ್ ಹೋದ್ರೆ ದೇಶವೇ ಹೋಯ್ತು’ ಅಂದ್ರಂತೆ, ಹೌದಾ? (ಓದುಗರು, ಪೆರ್ಲ)

ಉತ್ತರ: ಈ ಕಥೆ ಎಲ್ಲರೂ ಹೇಳ್ತಾರೆ, ನಾನು ಹೇಳುವುದಿಲ್ಲ. 1968ರ ಫೆಬ್ರವರಿ 27ಕ್ಕೆ ಕಾರ್ಯಕ್ರಮ ಬಂದದ್ದು ಸತ್ಯ. ಟೆಟ್ ಅನ್ನುವ ವಿಯೆಟ್ನಾಮಿನ ಹೊಸವರ್ಷದ ಹಬ್ಬಕ್ಕೆ ಕಮ್ಯುನಿಸ್ಟ್ ಪಡೆಗಳ ದೊಡ್ಡ ದಾಳಿ ಆದ ಮೇಲೆ ಇವರೇ ವಿಯೆಟ್ನಾಮಿಗೆ ಹೋಗಿ, ಹುವೆ ನಗರದಲ್ಲಿ ಕಾದಾಟ ಇನ್ನೂ ಮುಗಿಯದೆ ಇರುವಾಗ ಹೆಲ್ಮೆಟ್ಟು ಹಾಕಿ ತಿರುಗಿ, ಬಂದು ಹೇಳಿದ್ರು, ಇದು ಗೆಲ್ಲುವ ಲಕ್ಷಣ ಇಲ್ಲದ ಜಗ್ಗಾಟ, ಮಾತುಕತೆಯೊಂದೇ ದಾರಿ ಅಂತ. ಹೇಳುವ ಮೊದಲು, ಇದು ನನ್ನ ಸ್ವಂತ ಅಭಿಪ್ರಾಯ, ಸುದ್ದಿ ಅಲ್ಲ ಅಂತ ಗೆರೆ ಎಳೆದ್ರು. ನನಗೆ ಹೆಚ್ಚು ಇಷ್ಟ ಆಗುವುದು ಆ ಗೆರೆ.

ಆದ್ರೆ ಜಾನ್ಸನ್ ಆ ರಾತ್ರಿ ಟೀವಿ ಎದುರು ಇರ್ಲೇ ಇಲ್ಲ, ಟೆಕ್ಸಾಸಿನ ಆಸ್ಟಿನ್‌ನಲ್ಲಿ ಗವರ್ನರ್ ಕಾನಲಿಯವರ ಹುಟ್ಟುಹಬ್ಬದ ಪಾರ್ಟಿಯಲ್ಲಿದ್ರು. ಆ ಮಾತು ಬೇರೆ ಬೇರೆಯವರು ಬೇರೆ ಬೇರೆ ರೂಪದಲ್ಲಿ ಬರೆದದ್ದು, ಬಾಯಿಂದ ಬಾಯಿಗೆ ಹೋದ ಮಾತು. ಇನ್ನೊಂದು, ಜನ ಅಷ್ಟು ಹೊತ್ತಿಗೆ ತಿರುಗಿ ಆಗಿತ್ತು, 1967ರ ಅಕ್ಟೋಬರಿನ ಗ್ಯಾಲಪ್ ಸಮೀಕ್ಷೆಯಲ್ಲೇ ಶೇಕಡಾ 47 ಜನ ಸೈನ್ಯ ಕಳಿಸಿದ್ದೇ ತಪ್ಪು ಅಂತ ಹೇಳಿದ್ರು. ಮತ್ತೆ ಯುದ್ಧ ನಿಂತದ್ದು ಎಲ್ಲಿ, ಅಮೆರಿಕದ ಪಡೆ ಪೂರ್ತಿ ಹೊರಗೆ ಬಂದದ್ದು 1973ರಲ್ಲಿ. ಕ್ರಾಂಕೈಟ್ ಸ್ವತಃ 1965ರ ಹೊತ್ತಿಗೆ ಆ ಯುದ್ಧದ ಬಗ್ಗೆ ಸರ್ಕಾರ ಹೇಳಿದ್ದನ್ನು ಹೆಚ್ಚುಕಮ್ಮಿ ನಂಬಿದವರೇ, ಎರಡನೇ ಮಹಾಯುದ್ಧದಲ್ಲಿ ಮಿಲಿಟರಿಯವರ ಜೊತೆ ಊಟ ಮಾಡಿ ಮಲಗಿ ಎದ್ದವರಿಗೆ ಅದೇ ಮಿಲಿಟರಿ ಸುಳ್ಳು ಲೆಕ್ಕ ಕೊಡ್ತದೆ ಅಂತ ಒಪ್ಪಿಕೊಳ್ಳುವುದು ಸುಲಭ ಇರ್ಲಿಲ್ಲ ಅಂತ ಕಾಣ್ತದೆ. ಅವರಿಗಿಂತ ಮೊದಲು, 1965ರ ಆಗಸ್ಟಿನಲ್ಲಿ, ಸಿಬಿಎಸ್‌ನ ಮಾರ್ಲಿ ಸೇಫರ್ ಸೈನಿಕರು ಸಿಗರೇಟು ಲೈಟರಿಂದ ಹುಲ್ಲಿನ ಮನೆಗಳಿಗೆ ಬೆಂಕಿ ಕೊಡುವುದನ್ನು ತೋರಿಸಿ ಆಗಿತ್ತು. ಧೈರ್ಯದ ಮಾರ್ಕು ಕೊಡುವುದಾದ್ರೆ ನಾನು ಮೊದಲು ಸೇಫರಿಗೆ ಕೊಡ್ತೇನೆ.

ಪ್ರಶ್ನೆ: ಚಂದ್ರನ ಮೇಲೆ ಇಳಿದ ದಿನ ಇವರೇ ಇದ್ದದ್ದಲ್ವಾ? (ಓದುಗರು, ಉಪ್ಪಳ)

ಉತ್ತರ: ಹೌದು, 1969ರ ಜುಲೈ 20. ಎಷ್ಟೋ ಗಂಟೆ ಕೂತು ಮಾತಾಡಿದ ಮನುಷ್ಯನಿಗೆ ವಾಹನ ಇಳಿದ ಆ ಕ್ಷಣಕ್ಕೆ ಮಾತೇ ಬರ್ಲಿಲ್ಲ, ಕನ್ನಡಕ ತೆಗೆದು ಕೈ ಉಜ್ಜಿಕೊಂಡು ಸಣ್ಣ ಹುಡುಗರ ಹಾಗೆ ‘ಓ ಬಾಯ್’ ಅಂದ್ರು. ರಾಕೆಟ್ ಅಂದ್ರೆ ಅವರಿಗೆ ಹುಚ್ಚು.

ಪ್ರಶ್ನೆ: ನೀವು ಹಳೇ ಕಾಲವನ್ನೇ ಹೊಗಳ್ತೀರಿ. ಆಗ ಮೂರೇ ಚಾನೆಲ್, ಜನರಿಗೆ ಬೇರೆ ಗತಿ ಇರ್ಲಿಲ್ಲ, ಅದಕ್ಕೇ ನಂಬಿದ್ರು. ಈಗಿನವರು ಅವರಷ್ಟೇ ಒಳ್ಳೆಯವರು. (ಓದುಗರು, ಮುಳ್ಳೇರಿಯ)

ಉತ್ತರ: ಅರ್ಧ ಒಪ್ಪಿದೆ. ಮೂರೇ ನೆಟ್‌ವರ್ಕು ಅನ್ನುವುದು ದೊಡ್ಡ ಕಾರಣ, ನಮ್ಮಲ್ಲಿ ದೂರದರ್ಶನ ಒಂದೇ ಇದ್ದಾಗ, ಅದಕ್ಕಿಂತ ಮೊದಲು ರೇಡಿಯೋದಲ್ಲಿ ದೆಹಲಿಯ ಕನ್ನಡ ವಾರ್ತೆ ಬರುವಾಗ ಮನೆಯವರೆಲ್ಲ ಸುಮ್ಮನಾಗ್ತಿದ್ದದ್ದು ಓದುವವರ ಯೋಗ್ಯತೆಯಿಂದ ಮಾತ್ರ ಅಲ್ಲ. ಅಮೆರಿಕದ ಅತಿ ನಂಬಿಕಸ್ಥ ಮನುಷ್ಯ ಅಂತ ಇವರಿಗೆ ಬಿರುದು ಬಂದದ್ದೂ 1972ರ ಒಂದು ಸಮೀಕ್ಷೆಯಿಂದ, ಅದರಲ್ಲಿ ಜೊತೆಗೆ ಇಟ್ಟು ಕೇಳಿದ್ದು ಹೆಚ್ಚಿನವರು ರಾಜಕಾರಣಿಗಳ ಹೆಸರು. ರಾಜಕಾರಣಿಗಳ ಸಾಲಲ್ಲಿ ನಿಲ್ಲಿಸಿದ್ರೆ ನಮ್ಮೂರ ಪೋಸ್ಟ್‌ಮ್ಯಾನೂ ಫಸ್ಟ್ ಬರ್ತಾರೆ.

ಆದ್ರೆ ಇನ್ನರ್ಧ ಒಪ್ಪುವುದಿಲ್ಲ. ಇವರಿಗೆ ದಿನಕ್ಕೆ ಸಿಗ್ತಿದ್ದದ್ದು ಅರ್ಧ ಗಂಟೆ, ಅದರಲ್ಲೂ ಜಾಹೀರಾತು ಕಳೀಬೇಕು. ಆ ವಾರ್ತೆ ಪೂರ್ತಿ ಅಚ್ಚು ಮಾಡಿದ್ರೆ ಪೇಪರಿನ ಮುಖಪುಟವೂ ತುಂಬುವುದಿಲ್ಲ, ಟೀವಿ ನೋಡಿದ್ರೆ ಸಾಲದು ಪೇಪರ್ ಓದಿ ಅಂತ ಅವರೇ ಊರಿಡೀ ಹೇಳಿದ್ರು. ಜಾಗ ಕಮ್ಮಿ ಇದ್ದಾಗ ಆಯ್ಕೆ ಮಾಡ್ಲೇಬೇಕು, ಬೆಳಿಗ್ಗೆಯಿಂದ ಸಂಜೆವರೆಗೆ ವಿಚಾರಿಸ್ಲಿಕ್ಕೆ ಪುರುಸೊತ್ತು ಉಂಟು. ಈಗ 24 ಗಂಟೆ ತುಂಬಿಸ್ಬೇಕು, ವಿಚಾರಿಸುವ ಹೊತ್ತೇ ಪ್ರಸಾರದ ಹೊತ್ತು. ಚಂದ್ರಗಿರಿ ಹೊಳೆಗೆ ನೆರೆ ಬಂದಾಗ ಸೇತುವೆ ಬಂದ್ ಅಂತ ಪಟ್ಟಿ ಹಾಕ್ತಾರೆ, ಸೇತುವೆಯಲ್ಲಿ ಬಸ್ಸು ಹೋಗ್ತಾ ಇರ್ತದೆ, ಅಲ್ಲಿ ನಿಂತ ಒಬ್ಬ ಆಟೋದವರಿಗೆ ಫೋನ್ ಮಾಡಿದ್ರೆ ಮುಗೀತಿತ್ತು. ಈಗಿನ ಹುಡುಗರಲ್ಲಿ ಬುದ್ಧಿ ಕಮ್ಮಿ ಅಂತ ನಾನು ಹೇಳುವುದಿಲ್ಲ, ಆ ಫೋನ್ ಮಾಡ್ಲಿಕ್ಕೆ ಅವರಿಗೆ ಎರಡು ನಿಮಿಷ ಬಿಡುವುದಿಲ್ಲ.

ವಾಟರ್‌ಗೇಟ್ ಒಂದು ಹೇಳಿ ಮುಗಿಸ್ತೇನೆ, ಅಧ್ಯಕ್ಷ ನಿಕ್ಸನ್ ಕಡೆಯವರು ಎದುರಾಳಿ ಪಕ್ಷದ ಆಫೀಸಿಗೆ ಕದ್ದು ನುಗ್ಗಿಸಿದ ಹಗರಣ ಅದು. 1972ರ ಅಕ್ಟೋಬರಿನಲ್ಲಿ, ಚುನಾವಣೆಗೆ ಸ್ವಲ್ಪ ದಿನ ಇರುವಾಗ, ಇವರು ಅರ್ಧ ಗಂಟೆಯ ವಾರ್ತೆಯಲ್ಲಿ ಸುಮಾರು 14 ನಿಮಿಷ ಅದೊಂದಕ್ಕೇ ಕೊಟ್ರು. ತೋರಿಸ್ಲಿಕ್ಕೆ ಚಿತ್ರ ಇಲ್ಲದ ಸುದ್ದಿ, ಯಾರು ಯಾರಿಗೆ ದುಡ್ಡು ಕೊಟ್ರು ಅನ್ನುವ ಸಿಕ್ಕು. ಅದನ್ನು ಬಿಡಿಸಿ ಹೇಳಿದ್ರು. ಎರಡನೇ ಕಂತನ್ನು ಶ್ವೇತಭವನದ ಒತ್ತಡಕ್ಕೆ ಕಂಪೆನಿಯವರೇ ಕತ್ತರಿಸಿ ಗಿಡ್ಡ ಮಾಡಿದ್ರು, ಅದನ್ನೂ ಮರೀಬಾರದು.

ಪ್ರಶ್ನೆ: ನಾನು ಪತ್ರಿಕೋದ್ಯಮ ಓದ್ಬೇಕು ಅಂತ ಇದ್ದೇನೆ, ಯುದ್ಧ ವರದಿಗಾರ್ತಿ ಆಗ್ಬೇಕು. ಗಡಿನಾಡ ಕನ್ನಡ ಮೀಡಿಯಂ ಹುಡುಗಿಗೆ ಸಾಧ್ಯವಾ? (ಪ್ಲಸ್ ಟು ವಿದ್ಯಾರ್ಥಿನಿ, ಅಡೂರು)

ಉತ್ತರ: ಸಾಧ್ಯ ಮಗಾ. ನಿನಗೆ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬಸ್ಸಲ್ಲಿ ಒಂದು, ಪಂಚಾಯತ್ ಆಫೀಸಲ್ಲಿ ಒಂದು ಅಂತ ನಾಲ್ಕು ಭಾಷೆ ಸುಮ್ಮನೆ ಬರ್ತದೆ, ದೊಡ್ಡ ಊರಿನ ಮಕ್ಕಳು ಅದಕ್ಕೆ ಫೀಸು ಕೊಟ್ಟು ಕಲೀತಾರೆ. ಇಂಗ್ಲಿಷು ಗಟ್ಟಿ ಮಾಡು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಉಂಟು, ಡಿಗ್ರಿ ಆದ ಮೇಲೆ ವಿಚಾರಿಸು. ಶುರುವಿಗೆ ಟೀವಿ ಬೇಡ, ಸುದ್ದಿ ಸಂಸ್ಥೆ ಅಥವಾ ಪೇಪರಿನ ಡೆಸ್ಕಿಗೆ ಹೋಗು, ಅಲ್ಲಿ ಹೆಸರು, ವಯಸ್ಸು, ಊರು ತಪ್ಪಿಲ್ಲದೆ ಬರೀಲಿಕ್ಕೆ ಕಲಿಸ್ತಾರೆ. ಪ್ರಥಮ ಚಿಕಿತ್ಸೆ ಕಲಿ, ನಕ್ಷೆ ಓದ್ಲಿಕ್ಕೆ ಕಲಿ. ಕಾನೂನು ಸ್ವಲ್ಪ ಗೊತ್ತಿರ್ಲಿ, 1949ರ ಜಿನೀವಾ ಒಪ್ಪಂದದ ಪ್ರಕಾರ ಸೈನ್ಯದ ಜೊತೆ ಅಧಿಕೃತವಾಗಿ ಹೋದ ವರದಿಗಾರ ಸಿಕ್ಕಿಬಿದ್ರೆ ಯುದ್ಧಕೈದಿಯ ಹಕ್ಕು ಉಂಟು, 1977ರ ಹೆಚ್ಚುವರಿ ಒಪ್ಪಂದ ಪತ್ರಕರ್ತರೆಲ್ಲರನ್ನೂ ನಾಗರಿಕರು ಅಂತ ಲೆಕ್ಕ ಹಾಕ್ತದೆ. ಕ್ರಾಂಕೈಟ್ ಹಾಗೆ ಗನ್ ಹಿಡಿದ್ರೆ ಆ ಲೆಕ್ಕ ತಪ್ತದೆ. ಅಪ್ಪ ಅಮ್ಮನಿಗೆ ಈಗಲೇ ಪೂರ್ತಿ ಹೇಳ್ಬೇಡ, ಸದ್ಯಕ್ಕೆ ಪೇಪರು ಅಂತ ಹೇಳು.

ಪ್ರಶ್ನೆ: 1990ರಲ್ಲಿ ನನ್ನ ತಂದೆ ಕುವೈತಿನಲ್ಲಿದ್ದರು. ಆ ಯುದ್ಧದಲ್ಲಿ ಬಾಗ್ದಾದಿನ ಹೋಟೆಲಿನಿಂದ ಒಬ್ಬರು ಟೀವಿಯಲ್ಲಿ ಮಾತಾಡಿದ್ದರಂತೆ. ಅವರೂ ಕ್ರಾಂಕೈಟ್ ಥರದವರಾ? (ಓದುಗರು, ಮೊಗ್ರಾಲ್)

ಉತ್ತರ: ಈ ಪ್ರಶ್ನೆ ಕೊನೆಗೆ ಇಟ್ಟುಕೊಂಡದ್ದು ಬೇಕೂಂತಲೇ, ನಮ್ಮ ಜಿಲ್ಲೆಯಲ್ಲಿ ಅರ್ಧ ಮನೆಗಳಿಗೆ ಸೇರಿದ ಪ್ರಶ್ನೆ ಇದು. 1990ರ ಆಗಸ್ಟ್ 2ಕ್ಕೆ ಸದ್ದಾಂ ಸೈನ್ಯ ಕುವೈತಿಗೆ ನುಗ್ಗಿತು, ನಮ್ಮವರು ಬಸ್ಸು ಲಾರಿ ಹಿಡಿದು ಇರಾಕ್ ದಾಟಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ. ಹೀಗೆ ಬಂದವರು 1,70,000ಕ್ಕೂ ಹೆಚ್ಚು. ಇಲ್ಲಿ ಮನೆಯವರಿಗೆ ಇದ್ದದ್ದು ರೇಡಿಯೋ, ಪೇಪರು, ಮತ್ತೆ ಪಕ್ಕದ ಮನೆಗೆ ಬರುವ ಟ್ರಂಕಾಲು.

ನೀವು ಹೇಳುವವರು ಪೀಟರ್ ಆರ್ನೆಟ್. ನ್ಯೂಜಿಲೆಂಡಿನಲ್ಲಿ 1934ರಲ್ಲಿ ಹುಟ್ಟಿದವರು, ಇವರೂ ಸುದ್ದಿ ಸಂಸ್ಥೆಯಿಂದಲೇ ಬಂದದ್ದು, ಎಪಿಗೆ ವಿಯೆಟ್ನಾಂ ಯುದ್ಧ ವರದಿ ಮಾಡಿ 1966ರಲ್ಲಿ ಪತ್ರಕರ್ತರ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಪಡೆದ್ರು. ವಿಯೆಟ್ನಾಮಿನ ಬೆನ್ ಟ್ರೆ ಊರನ್ನು ಉಳಿಸ್ಲಿಕ್ಕೆ ಅದನ್ನು ನಾಶ ಮಾಡ್ಬೇಕಾಯ್ತು ಅಂತ ಒಬ್ಬ ಅಮೆರಿಕನ್ ಮೇಜರ್ ಹೇಳಿದ್ದಾಗಿ 1968ರಲ್ಲಿ ವರದಿ ಮಾಡಿದ್ದು ಇವರೇ. 1981ರಲ್ಲಿ ಸಿಎನ್‌ಎನ್ ಅನ್ನುವ ಸುದ್ದಿ ಚಾನೆಲ್ ಸೇರಿದ್ರು. 1991ರ ಜನವರಿ 17ರ ಬೆಳಗ್ಗಿನ ಜಾವ ಬಾಗ್ದಾದಿನ ಮೇಲೆ ಬಾಂಬು ಬೀಳ್ಳಿಕ್ಕೆ ಶುರುವಾದಾಗ ಸಿಎನ್‌ಎನ್‌ನವರೇ ಆದ ಬರ್ನಾರ್ಡ್ ಶಾ, ಜಾನ್ ಹಾಲಿಮನ್ ಮತ್ತು ಇವರು ಅಲ್ ರಶೀದ್ ಹೋಟೆಲಿನ ಕಿಟಕಿ ಹತ್ರ ಕೂತು ಮಾತಾಡಿದ್ರು. ಊರಿನ ಟೆಲಿಫೋನ್ ಎಕ್ಸ್‌ಚೇಂಜನ್ನು ನಂಬದ ಬೇರೆಯೇ ಲೈನ್ ಮೊದಲೇ ಮಾಡಿಸಿ ಇಟ್ಟದ್ದರಿಂದ ಬೇರೆಯವರ ಫೋನ್ ಸತ್ತಾಗಲೂ ಇವರದ್ದು ಬದುಕಿತ್ತು. ಆ ರಾತ್ರಿ ನೇರ ಚಿತ್ರ ಇಲ್ಲ, ಬರೀ ಸ್ವರ, ಟೀವಿಯಲ್ಲಿ ನಕ್ಷೆ ಮತ್ತು ಫೋಟೋ. ಮರ್ರೋ ಲಂಡನ್ನಿನಲ್ಲಿ ಮಾಡಿದ್ದನ್ನೇ 50 ವರ್ಷ ಬಿಟ್ಟು ಮಾಡಿದ ಹಾಗೆ ಆಯ್ತು, ಆದ್ರೆ ಮರ್ರೋ ಇದ್ದದ್ದು ಬಾಂಬು ತಿನ್ನುವ ಮಿತ್ರರ ಊರಲ್ಲಿ, ಆರ್ನೆಟ್ ಇದ್ದದ್ದು ವೈರಿಯ ಊರಲ್ಲಿ. ಉಳಿದವರು ಹೊರಟ ಮೇಲೂ ಅವರು ಉಳಿದ್ರು. ಬಾಂಬು ಬಿದ್ದ ಒಂದು ಕಾರ್ಖಾನೆ ಮಕ್ಕಳ ಹಾಲಿನ ಪುಡಿಯದ್ದು ಅಂತ ವರದಿ ಮಾಡಿದ್ದಕ್ಕೆ, ‘ಅಲ್ಲ, ಅದು ಜೈವಿಕ ಅಸ್ತ್ರದ್ದು’ ಅಂತ ಅಮೆರಿಕ ಸರ್ಕಾರ ಸಿಟ್ಟಾಯ್ತು, ಸೆನೆಟರ್ ಒಬ್ಬರು ಇವರನ್ನು ವೈರಿ ಪಕ್ಷದವನು ಅಂತ ಹೇಳಿ ಆಮೇಲೆ ಕ್ಷಮೆ ಕೇಳಿದ್ರು. ಇರಾಕಿನ ಸೆನ್ಸಾರ್ ಅಧಿಕಾರಿ ಪಕ್ಕದಲ್ಲೇ ಕೂತಿರುವಾಗ ಮಾತಾಡುವುದು, ಕೇಳುವವರಿಗೆ ಅದನ್ನೂ ಹೇಳುವುದು, ಆ ಕೆಲಸ ಕ್ರಾಂಕೈಟಿಗೂ ಬಂದದ್ದಲ್ಲ.

ಆದ್ರೆ ಥರ ಒಂದೇ ಅಲ್ಲ. ಕ್ರಾಂಕೈಟ್ 1981ರ ಮಾರ್ಚ್ 6ಕ್ಕೆ ಕುರ್ಚಿಯನ್ನು ಡ್ಯಾನ್ ರಾದರ್‌ಗೆ ಬಿಟ್ಟು ಇಳಿದ್ರು, 2009ರಲ್ಲಿ 92ನೇ ವಯಸ್ಸಲ್ಲಿ ತೀರಿಕೊಂಡ್ರು, ಅಭಿಪ್ರಾಯಕ್ಕೂ ಸುದ್ದಿಗೂ ನಡುವಿನ ಆ ಗೆರೆ ಕುರ್ಚಿಯಲ್ಲಿದ್ದಷ್ಟು ದಿನ ಹೆಚ್ಚುಕಮ್ಮಿ ಕಾಪಾಡಿಕೊಂಡ್ರು. ಆರ್ನೆಟ್ 2003ರಲ್ಲಿ ಮತ್ತೆ ಬಾಗ್ದಾದಿನಲ್ಲಿದ್ರು, ಆಗ ಎನ್‌ಬಿಸಿಗೆ. ಯುದ್ಧ ನಡೆಯುವಾಗಲೇ ಇರಾಕಿನ ಸರ್ಕಾರಿ ಟೀವಿಗೆ ತಾನೇ ಸಂದರ್ಶನ ಕೊಟ್ಟು ಅಮೆರಿಕದ ಮೊದಲ ಯುದ್ಧತಂತ್ರ ಸೋತಿದೆ ಅಂದ್ರು. ಸುದ್ದಿ ಕೊಡ್ಬೇಕಾದವರು ಸುದ್ದಿ ಆಗಿಬಿಟ್ರು, ಎನ್‌ಬಿಸಿ ಕೆಲಸದಿಂದ ತೆಗೀತು. ಸ್ವಲ್ಪ ಗಂಟೆಗಳಲ್ಲೇ ಲಂಡನ್ನಿನ ಡೈಲಿ ಮಿರರ್ ಅವರನ್ನು ಕರೆದು ಸೇರಿಸಿಕೊಂಡಿತು, ಹಾಗೆ ಟೀವಿಯಿಂದ ಪುನಃ ಪೇಪರಿಗೆ ಹೋದ್ರು, ಊರು ಮಾತ್ರ ಬಾಗ್ದಾದೇ.